ಕೆಂಪು ಬಸ್ಸು ತಲುಪುವಷ್ಟು ದೂರ

ಕರ್ನಾಟಕದಲ್ಲಿ ರೈಲು ಹಳಿಯೇ ಇಲ್ಲದ ಜಿಲ್ಲೆ ಯಾವುದು ಎಂಬ ಪ್ರಶ್ನೆ ರಸಪ್ರಶ್ನೆ ಸ್ಪರ್ಧೆಯಲ್ಲಿ ಬಂದರೆ ನಮ್ಮ ಮಕ್ಕಳು ಯೋಚಿಸದೆಯೇ ಕೈ ಎತ್ತುತ್ತಾರೆ. ಅದು ಅವರದೇ ಜಿಲ್ಲೆ. ಇದರಲ್ಲೊಂದು ತಮಾಷೆಯೂ ಇದೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಿಂದ 1956ರವರೆಗೆ ಅದರ ಮುಖ್ಯಮಂತ್ರಿಯಾಗಿದ್ದ ಸಿ.ಎಂ. ಪೂಣಚ್ಚನವರು ಮುಂದೆ 1967ರಲ್ಲಿ ಇಡೀ ಭಾರತದ ರೈಲ್ವೆ ಸಚಿವರಾದರು. ಸಚಿವರನ್ನು ಕೊಟ್ಟ ನಾಡಿಗೆ ರೈಲು ಮಾತ್ರ ಬರಲಿಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 87 ಕಿಲೋಮೀಟರ್ ಉದ್ದದ ಮಾರ್ಗಕ್ಕೆ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಹಳಿ ಇನ್ನೂ ಬಿದ್ದಿಲ್ಲ. ಘಟ್ಟದ ಕಾಡು ಕಡಿದು ಬರುವ ರೈಲು ನಮಗೆ ಬೇಡವೇ ಬೇಡ ಎನ್ನುವವರೂ ಇಲ್ಲಿ ಬಹಳ ಮಂದಿ. ಆ ಜಗಳ ಇನ್ನೊಂದು ದಿನಕ್ಕಿರಲಿ. ಸದ್ಯಕ್ಕೆ ಕಾರು, ಜೀಪು ಇಲ್ಲದ ಮನೆಗೆ ಪ್ರಯಾಣವೆಂದರೆ ಬಸ್ಸು. ಬಸ್ಸು ಬಾರದಿದ್ದರೆ ಕಾಲು.

ಈ ಬಸ್ಸಿನಲ್ಲೂ ನಮ್ಮಲ್ಲಿ ಎರಡು ಬಗೆ. ಒಂದು ‘ಗೌರ್ಮೆಂಟ್ ಬಸ್ಸು’, ಅಂದರೆ ರಸ್ತೆ ಸಾರಿಗೆ ನಿಗಮದ ಕೆಂಪು ಬಸ್ಸು. ಇನ್ನೊಂದು ‘ಪ್ರೈವೇಟು’. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್‌ನಲ್ಲಿ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಆರಂಭಿಸಿದಾಗ ಕೊಡಗು ಮೈಸೂರಿಗೆ ಸೇರಿರಲಿಲ್ಲ. ಸೇರಿದ್ದು 1956ರ ನವೆಂಬರ್ ಒಂದರಂದು. ಆ ಇಲಾಖೆ 1961ರಲ್ಲಿ ನಿಗಮವಾಯಿತು. ಇಂದಿಗೂ ಮೈಸೂರು, ಬೆಂಗಳೂರು, ಮಂಗಳೂರಿಗೆ ಹೋಗುವವರು ಕೆಂಪು ಬಸ್ಸು ಹುಡುಕುತ್ತಾರೆ. ಒಳಗಿನ ಊರುಗಳಿಗೆ ಹೋಗುವವರು ಪ್ರೈವೇಟು ಕಾಯುತ್ತಾರೆ. ಮಡಿಕೇರಿಯಲ್ಲಿ ಎರಡಕ್ಕೂ ಬೇರೆ ಬೇರೆ ನಿಲ್ದಾಣ. ಯಾವ ನಿಲ್ದಾಣದ ಕಡೆ ಹೆಜ್ಜೆ ಹಾಕುತ್ತಾರೆ ಎಂದು ನೋಡಿಯೇ ಅವರ ಊರು ರಸ್ತೆಬದಿಯದ್ದೋ ಒಳಗಿನದ್ದೋ ಎಂದು ಸುಮಾರಾಗಿ ಹೇಳಬಹುದು.

ಪ್ರೈವೇಟು ಬಸ್ಸನ್ನು ಹಳಿಯುವುದು ಸುಲಭ. ಆದರೆ ನಮ್ಮ ಕಡೆಯ ಹಳ್ಳಿಗಳನ್ನು ಪೇಟೆಗೆ ಪೋಣಿಸಿದ್ದು ಅದೇ. ಅದರ ಕಂಡಕ್ಟರ್ ಟಿಕೆಟ್ ಕೊಡುವುದರ ಜೊತೆಗೆ ಪೇಪರ್ ಕಟ್ಟು ಎಸೆಯುತ್ತಾನೆ, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ತೋಟದ ಗೇಟಿನಲ್ಲಿ ಕೊಡುತ್ತಾನೆ, ಮಿಕ್ಸಿ ರಿಪೇರಿಗೆ ಕೊಂಡೊಯ್ಯುತ್ತಾನೆ, ಚಿಲ್ಲರೆ ಇಲ್ಲದಿದ್ದರೆ ‘ನಾಳೆ ಕೊಡಿ ಅಕ್ಕ’ ಎನ್ನುತ್ತಾನೆ. ನಿಲ್ದಾಣವೇ ಇಲ್ಲದ ತಿರುವಿನಲ್ಲಿ ಮುದುಕಿಯೊಬ್ಬರಿಗಾಗಿ ಸೀಟಿ ಊದುತ್ತಾನೆ. ಕಕ್ಕಡ ತಿಂಗಳ ಮಳೆಯಲ್ಲಿ, ಕಿಟಕಿಗೆ ಟಾರ್ಪಾಲು ಬಿಟ್ಟ ಅಂಥ ಬಸ್ಸಿನಲ್ಲಿ, ಒದ್ದೆ ಕೊಡೆಗಳ ನಡುವೆ ನಿಂತು ಹೋದವರಿಗೆ ಆ ಬಸ್ಸು ಬರದ ದಿನ ಏನಾಗುತ್ತದೆಂದು ಗೊತ್ತು.

ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಗುಡ್ಡೆಹೊಸೂರು ದಾಟುವವರೆಗೆ ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಸುಂಟಿಕೊಪ್ಪ ಕಳೆದ ಮೇಲೆ ಎಂಜಿನ್ನಿನ ದನಿ ಬದಲಾಗುತ್ತದೆ. ಎರಡೂ ಕಡೆ ಸಿಲ್ವರ್ ಓಕ್ ಮರಗಳು, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಬೋಯಿಕೇರಿ ಬರುವಷ್ಟರಲ್ಲಿ ಗಾಳಿ ತಣ್ಣಗಾಗಿ ಕುಶಾಲನಗರದಲ್ಲಿ ಬೆವರುತ್ತಿದ್ದವರು ಸ್ವೆಟರ್ ಎಳೆದುಕೊಳ್ಳುತ್ತಾರೆ. ಈ ದಾರಿಯಲ್ಲಿ ಬಸ್ಸು ಸುಮಾರು 300 ಮೀಟರ್ ಎತ್ತರ ಏರಿರುತ್ತದೆ. ವಿಜ್ಞಾನದ ಮೇಷ್ಟರಿಗೆ ಇಲ್ಲಿ ಲೆಕ್ಕ ಮಾಡದೆ ಕೂರುವುದು ಕಷ್ಟ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು.

ಖಾಲಿ ಬಸ್ಸು 11 ಟನ್ ಎಂದು ಇಟ್ಟುಕೊಳ್ಳಿ. ತಲಾ 60 ಕಿಲೋ ತೂಕದ 50 ಮಂದಿ ಹತ್ತಿದರೆ ಒಟ್ಟು 14 ಟನ್. ರಾಶಿ, ಗುರುತ್ವ, ಎತ್ತರ ಈ ಮೂರನ್ನು ಗುಣಿಸಿದರೆ 14,000 × 9.8 × 300, ಅಂದರೆ ಸುಮಾರು 4.1 ಕೋಟಿ ಜೂಲ್. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 3.6 ಕೋಟಿ ಜೂಲ್ ಶಕ್ತಿ ಇದ್ದರೂ ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಮಾತ್ರ ಚಕ್ರಕ್ಕೆ ಸಿಗುತ್ತದೆಂದು ಹಿಡಿಯೋಣ. ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ಹೀಗಾಗಿ ಬರಿಯ ಏರುವಿಕೆಗೇ ಸುಮಾರು ಮೂರೂವರೆ ಲೀಟರ್ ಬೇಕು. ಅದನ್ನು 50 ಜನರಿಗೆ ಹಂಚಿದರೆ ತಲೆಗೆ 70 ಮಿಲಿಲೀಟರ್, ಒಂದು ಸಣ್ಣ ಲೋಟ ಕಾಫಿಯಷ್ಟು. ಅದೇ ಬಸ್ಸಿನಲ್ಲಿ ಹತ್ತೇ ಜನ ಕುಳಿತರೆ ಒಟ್ಟು ಖರ್ಚು ಸ್ವಲ್ಪವೇ ಇಳಿದು, ತಲೆಗೆ ಸುಮಾರು 280 ಮಿಲಿಲೀಟರ್ ಆಗುತ್ತದೆ. ಇಳಿಯುವಾಗ ಈ ಶಕ್ತಿ ಮರಳಿ ಬರಬೇಕಲ್ಲ ಎಂದು ಪ್ರತಿ ವರ್ಷ ಒಬ್ಬ ಹುಡುಗನಾದರೂ ಕೇಳುತ್ತಾನೆ. ಬರುವುದಿಲ್ಲ, ಅದು ಬ್ರೇಕಿನಲ್ಲಿ ಉರಿದುಹೋಗುತ್ತದೆ. ಘಟ್ಟ ಇಳಿದ ಬಸ್ಸಿನ ಚಕ್ರದ ಬಳಿ ನಿಂತರೆ ಮೂಗಿಗೇ ಗೊತ್ತಾಗುತ್ತದೆ.

ಇನ್ನು ಬಸ್ಸು ತುಂಬುವುದು ಹೇಗೆ? ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒತ್ತಾಗಿರುತ್ತವೆ. ಅರಳಿಕಟ್ಟೆಯ ಬಳಿ ಒಮ್ಮೆ ಹಾರ್ನ್ ಮಾಡಿದರೆ ಮೂವತ್ತು ಜನ ಹತ್ತುತ್ತಾರೆ. ಕೊಡಗಿನಲ್ಲಿ ಹಾಗಲ್ಲ. ಒಂದೊಂದು ಮನೆ ಒಂದೊಂದು ತೋಟದ ನಡುವೆ. ಕಾರ್ಮಿಕರ ಲೈನ್ ಮನೆಗಳು ಇನ್ನೂ ಒಳಗೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ಚದರ ಕಿಲೋಮೀಟರಿಗೆ 135 ಜನ, ರಾಜ್ಯದಲ್ಲೇ ಅತಿ ಕಡಿಮೆ. ರಾಜ್ಯದ ಸರಾಸರಿ 319. ಇಪ್ಪತ್ತು ಕಿಲೋಮೀಟರ್ ಉದ್ದದ ರಸ್ತೆಯ ಎರಡೂ ಬದಿಗೆ ಒಂದೊಂದು ಕಿಲೋಮೀಟರಿನೊಳಗೆ ಸರಾಸರಿ ಲೆಕ್ಕದಲ್ಲಿ ರಾಜ್ಯದ ಬೇರೆಡೆ 12,760 ಜನರಿದ್ದರೆ ನಮ್ಮಲ್ಲಿ 5,400. ಏರು ಹೆಚ್ಚು, ತಲೆ ಕಡಿಮೆ. ‘ಈ ರೂಟಿನಲ್ಲಿ ಕಲೆಕ್ಷನ್ ಇಲ್ಲ’ ಎಂದು ಅಧಿಕಾರಿಗಳು ಹೇಳಿದಾಗ ಅವರು ಸುಳ್ಳು ಹೇಳುತ್ತಿದ್ದಾರೆಂದು ನಾವು ಸಿಟ್ಟಾಗಬೇಕಿಲ್ಲ. ಕಲೆಕ್ಷನ್ ನೋಡಿಯೇ ಬಸ್ಸು ಬಿಡಬೇಕೆಂದು ತೀರ್ಮಾನಿಸಿದವರು ಯಾರು ಎಂದು ಕೇಳಬೇಕು. ಗುಡ್ಡದ ತುದಿಯ ಮನೆಗೆ ಕರೆಂಟು ಕೊಡುವಾಗ ಕಂಬದ ಖರ್ಚನ್ನು ಆ ಒಂದೇ ಮನೆಯಿಂದ ವಸೂಲು ಮಾಡಬೇಕೆಂದು ಹೊರಟಿದ್ದರೆ ಕೊಡಗಿನ ಅರ್ಧ ಮನೆಗಳಲ್ಲಿ ಇನ್ನೂ ಚಿಮಣಿ ಬುಡ್ಡಿ ಇರುತ್ತಿತ್ತು.

ಈಗ ರಿಯಾಯಿತಿಗಳ ವಿಷಯಕ್ಕೆ ಬರೋಣ. ಸಾರಿಗೆ ನಿಗಮ ವಿದ್ಯಾರ್ಥಿಗಳಿಗೆ ಬಲು ಕಡಿಮೆ ದರದಲ್ಲಿ ವರ್ಷದ ಪಾಸು ಕೊಡುತ್ತದೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳು ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಓಡಾಡಬಹುದು. ಎರಡೂ ಒಳ್ಳೆಯ ಯೋಜನೆಗಳೇ; ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಎರಡೂ ಅಂಟಿಕೊಂಡಿರುವುದು ಮನುಷ್ಯರಿಗಲ್ಲ, ಬಸ್ಸಿಗೆ. ಕೆಂಪು ಬಸ್ಸು ಎಲ್ಲಿ ತಿರುಗಿಕೊಂಡು ವಾಪಸಾಗುತ್ತದೋ ರಿಯಾಯಿತಿಯೂ ಅಲ್ಲಿಂದಲೇ ವಾಪಸು. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಹೆಣ್ಣುಮಗಳು ಟಿಕೆಟ್ಟಿಲ್ಲದೆ ಕಚೇರಿಗೆ ಹೋಗಬಹುದು. ತೋಟದಲ್ಲಿ ಕಾಫಿ ಕುಯ್ಯುವ ಹೆಂಗಸು ಪಡಿತರಕ್ಕೋ ಆಸ್ಪತ್ರೆಗೋ ಪೇಟೆಗೆ ಹೋಗಬೇಕಾದರೆ ಪ್ರೈವೇಟಿಗೆ ಪೂರ್ತಿ ಟಿಕೆಟ್ ಕೊಡಬೇಕು. ಅದೂ ಇಲ್ಲದ ಹೊತ್ತಿನಲ್ಲಿ ಆಟೋ. ಆಟೋದವರು ಹೋಗಿಬರುವ ಎರಡೂ ದಾರಿಯ ಬಾಡಿಗೆ ಕೇಳುತ್ತಾರೆ, ಕೇಳದೆ ಅವರಿಗೂ ವಿಧಿಯಿಲ್ಲ.

ತಪ್ಪು ಪ್ರೈವೇಟಿನವರದ್ದೂ ಎನ್ನಲಾಗದು. ಅವರು ತೆರಿಗೆ ಕಟ್ಟಿ, ಡೀಸೆಲ್ ಹಾಕಿಸಿ, ಅದೇ ಏರು ಏರುತ್ತಾರೆ. ಸಮವಸ್ತ್ರ ಕಂಡರೆ ಅರ್ಧ ಟಿಕೆಟ್ ಸಾಕು ಎನ್ನುವ ಮಾಲೀಕರೂ ಇದ್ದಾರೆ. ಆದರೆ ಅದು ಅವರ ಒಳ್ಳೆಯತನ. ಕಂಡಕ್ಟರ್ ಬದಲಾದ ದಿನ ಒಳ್ಳೆಯತನವೂ ಬದಲಾಗಬಹುದು. 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆ ಸಂಘಟನೆಗಳ ಒಕ್ಕೂಟ ಬೆಂಗಳೂರಿನಲ್ಲಿ ಬಂದ್ ನಡೆಸಿದಾಗ, ಶಕ್ತಿ ಯೋಜನೆಯನ್ನು ಖಾಸಗಿ ಬಸ್ಸುಗಳಿಗೂ ವಿಸ್ತರಿಸಿ ಹಣ ತುಂಬಿಕೊಡಿ ಎಂಬುದೂ ಬೇಡಿಕೆಗಳಲ್ಲೊಂದಾಗಿತ್ತು. ಮಾಲೀಕರ ಬೇಡಿಕೆಯೆಂದು ಅನೇಕರು ಅದನ್ನು ಬದಿಗೆ ಸರಿಸಿದರು. ಕೊಡಗಿನಿಂದ ನೋಡಿದರೆ ಅದು ಪ್ರಯಾಣಿಕರ ಬೇಡಿಕೆಯೂ ಹೌದು. ಕುಟ್ಟ, ಮಾಕುಟ್ಟದ ಗಡಿಯಾಚೆ ಕೇರಳದಲ್ಲಿ ಖಾಸಗಿ ಬಸ್ಸಿನವರೂ ವಿದ್ಯಾರ್ಥಿಗಳಿಂದ ಸರ್ಕಾರ ಗೊತ್ತುಮಾಡಿದ ರಿಯಾಯಿತಿ ದರವನ್ನೇ ಪಡೆಯಬೇಕು. ಅಲ್ಲಿಯೂ ಇದರ ಬಗ್ಗೆ ಜಗಳ ತಪ್ಪಿದ್ದಲ್ಲ. ಆದರೂ ಮಗುವಿನ ರಿಯಾಯಿತಿ ಬಸ್ಸಿನ ಬಣ್ಣ ನೋಡಿ ಬದಲಾಗುವುದಿಲ್ಲ.

ತಂದೆತಾಯಿಯರು ಇದನ್ನು ಓದುತ್ತಿರುವುದರಿಂದ ಒಂದು ಮಾತು ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಶಾಲೆಗೆ ಸಿಹಿ ಹಂಚಲು ಬರುವ ಮಕ್ಕಳನ್ನು ‘ಮುಂದೇನು?’ ಎಂದು ಕೇಳುವುದು ನಮ್ಮ ರೂಢಿ. ಲೈನ್ ಮನೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ನನ್ನ ವಿಷಯದಲ್ಲಿ ತರಗತಿಗೇ ಹೆಚ್ಚು ಅಂಕ ತೆಗೆದಿದ್ದಳು. ‘ಆರ್ಟ್ಸ್ ಸಾರ್’ ಎಂದಳು. ಯಾಕಮ್ಮ ಎಂದರೆ ತಲೆ ತಗ್ಗಿಸಿದಳು. ಉತ್ತರ ಕೊಟ್ಟಿದ್ದು ಅವಳ ಅಪ್ಪ. ‘ಸೈನ್ಸಿಗೆ ಮಧ್ಯಾಹ್ನದ ಮೇಲೆ ಪ್ರಾಕ್ಟಿಕಲ್ ಇರುತ್ತಂತೆ ಸಾರ್. ಅದು ಮುಗಿಯುವಾಗ ನಮ್ಮ ಕಡೆಯ ಬಸ್ಸು ಹೋಗಿರುತ್ತೆ. ಮುಂದಿನದರಲ್ಲಿ ಬಂದರೆ ಇಳಿದ ಮೇಲೆ ಎರಡು ಮೈಲಿ ತೋಟದೊಳಗೆ ನಡೀಬೇಕು. ಆನೆ ಇದೆ.’ ಅವರು ದೂರುತ್ತಿರಲಿಲ್ಲ; ಮಳೆ ಬರುತ್ತದೆ ಎನ್ನುವಂತೆ ಹೇಳಿದರು. ಹಾಸ್ಟೆಲ್ಲಿನ ಮಾತಾಡಿದೆವು, ಅವಳ ತಮ್ಮನನ್ನು ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಹುಡುಗಿ ಆರ್ಟ್ಸ್ ಸೇರಿದಳು, ಚೆನ್ನಾಗಿಯೇ ಓದಿದಳು. ಕಲಾ ವಿಭಾಗವನ್ನು ನಾನು ಕೀಳೆಂದು ಹೇಳುತ್ತಿಲ್ಲ. ಆದರೆ ಅದನ್ನು ಆರಿಸಿದ್ದು ಅವಳಲ್ಲ, ಬಸ್ಸಿನ ವೇಳಾಪಟ್ಟಿ.

ಬಸ್ಸಿಗಾಗಿ ಜನ ಬೀದಿಗಿಳಿದ ಕಥೆಗಳು ಪ್ರಪಂಚದಲ್ಲಿ ಬಹಳ. 1953ರ ಜುಲೈನಲ್ಲಿ ಕಲ್ಕತ್ತದ ಟ್ರಾಮ್ ಕಂಪನಿ ಎರಡನೇ ದರ್ಜೆಯ ಟಿಕೆಟಿಗೆ ಒಂದೇ ಒಂದು ಪೈಸೆ ಏರಿಸಿತು. ವಿದ್ಯಾರ್ಥಿಗಳು, ಗುಮಾಸ್ತರು, ಕೂಲಿಗಳು ಹಳೆಯ ದರ ಬಿಟ್ಟು ಕೊಡೆವು ಎಂದು ಕುಳಿತರು. ಊರಿಗೆ ಊರೇ ಸ್ತಬ್ಧವಾಗಿ ಕಡೆಗೆ ಆ ಪೈಸೆ ಇಳಿಯಿತು. 1955ರ ಡಿಸೆಂಬರಿನಲ್ಲಿ ಅಮೆರಿಕದ ಮಾಂಟ್‌ಗೊಮೆರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಹೊಲಿಗೆ ಕೆಲಸದ ಮಹಿಳೆ ಬಿಳಿಯನಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದ ಮೇಲೆ ಅಲ್ಲಿನ ಕಪ್ಪು ಜನ 381 ದಿನ ಬಸ್ಸನ್ನೇ ಹತ್ತಲಿಲ್ಲ. ನಮ್ಮದೇ ಬೆಂಗಳೂರಿನಲ್ಲಿ ಬಸ್ ಪ್ರಯಾಣಿಕರ ವೇದಿಕೆಯವರು ದರ ಇಳಿಸಿ, ಬಸ್ಸು ಹೆಚ್ಚಿಸಿ ಎಂದು ವರ್ಷಗಟ್ಟಲೆ ಕೇಳಿದ್ದಾರೆ.

ಆದರೆ ಬಹಿಷ್ಕಾರ ಕೊಡಗಿನಲ್ಲಿ ನಡೆಯುವ ಆಟವಲ್ಲ. ಇರುವ ಒಂದು ಬಸ್ಸನ್ನು ಬಹಿಷ್ಕರಿಸಿದರೆ ಅದೂ ನಿಂತುಹೋಗುತ್ತದೆ! 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಎಲ್ಲ ಬಸ್ಸುಗಳೂ ನಿಂತವು. ಮತ್ತೆ ಆರಂಭವಾದಾಗ ನಮ್ಮ ಕಡೆ ಒಂದೆರಡು ಟ್ರಿಪ್ಪುಗಳು ಮರಳಿ ಬರಲೇ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮದೆನಾಡು, ಜೋಡುಪಾಲದ ಬಳಿ ಮಂಗಳೂರು ರಸ್ತೆಯೇ ಮುಚ್ಚಿಹೋದದ್ದನ್ನು ಕಂಡ ಜನ ನಾವು. ಹೀಗಾಗಿ ಇಲ್ಲಿನ ದಾರಿ ಅರ್ಜಿಯ ದಾರಿ. ಜೂನ್‌ನಲ್ಲಿ ಶಾಲೆ ಆರಂಭವಾದ ಕೂಡಲೇ ವಿದ್ಯಾರ್ಥಿಗಳು ರಸ್ತೆಗೆ ಕೂರುವುದು, ಪತ್ರಿಕೆಯಲ್ಲಿ ಫೋಟೋ ಬರುವುದು, ಭರವಸೆ ಸಿಗುವುದು ಒಂದು ಪದ್ಧತಿಯೇ ಆಗಿದೆ. ಅದು ಬೇಡವೆನ್ನಲಾರೆ. ಆದರೆ ಫೋಟೋ ಮರುದಿನಕ್ಕೆ ಹಳತಾಗುತ್ತದೆ.

ಕೆಲವು ಸಂಗತಿಗಳನ್ನು ತಿಳಿದು ಕೇಳಿದರೆ ಉತ್ತರ ಸ್ವಲ್ಪ ಬೇರೆಯಾಗುತ್ತದೆ. ಖಾಸಗಿ ಬಸ್ಸಿನ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲೆಯಲ್ಲಿ ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. 1988ರ ಮೋಟಾರು ವಾಹನ ಕಾಯ್ದೆಯ 72ನೇ ಪ್ರಕರಣದಲ್ಲಿ ಪರ್ಮಿಟ್ಟಿಗೆ ಹಾಕಬಹುದಾದ ಷರತ್ತುಗಳ ಪಟ್ಟಿಯಿದೆ. ಒಪ್ಪಿಗೆಯಾದ ವೇಳಾಪಟ್ಟಿಯನ್ನು ಬಸ್ಸಿನಲ್ಲೂ ನಿಲ್ದಾಣದಲ್ಲೂ ತೂಗುಹಾಕಬೇಕು, ದರಪಟ್ಟಿಯನ್ನೂ ಹಾಕಬೇಕು, ಪಡೆದ ಹಣ ನಮೂದಾದ ಟಿಕೆಟ್ ಕೊಡಬೇಕು ಎಂಬುವು ಅದರಲ್ಲಿವೆ. ನಮ್ಮ ದಾರಿಯ ಪರ್ಮಿಟ್ಟಿನಲ್ಲಿ ದಿನಕ್ಕೆ ಎಷ್ಟು ಟ್ರಿಪ್ ಇವೆ, ಯಾವ ಹೊತ್ತಿಗಿವೆ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಕೇಳಬಹುದು. ಕಾಗದದಲ್ಲಿರುವ ಟ್ರಿಪ್ ರಸ್ತೆಯಲ್ಲಿ ಇಲ್ಲದಿದ್ದರೆ ಹೊಸ ಬಸ್ಸನ್ನು ಬೇಡುವ ಅಗತ್ಯವೇ ಇರುವುದಿಲ್ಲ; ಇದ್ದದ್ದನ್ನು ಓಡಿಸಿ ಎಂದರೆ ಸಾಕು.

ಕೆಂಪು ಬಸ್ಸಿಗೆ ಬೇರೆ ಉಪಾಯ. ಪಾಸು ತೋರಿಸುವ ಮಗುವಿಗೆ ಕಂಡಕ್ಟರ್ ಟಿಕೆಟ್ ಹರಿಯುವುದಿಲ್ಲ. ಬಸ್ಸು ಮಕ್ಕಳಿಂದ ಬಾಗಿಲವರೆಗೆ ತುಂಬಿದ್ದರೂ ಸಂಜೆ ಲೆಕ್ಕ ಒಪ್ಪಿಸುವಾಗ ಚೀಲದಲ್ಲಿ ಹಣವಿರುವುದಿಲ್ಲ. ಹೆಂಗಸರದು ಈಗ ಹಾಗಲ್ಲ, ಶೂನ್ಯ ಟಿಕೆಟ್ಟಾದರೂ ಒಂದು ಗುರುತು ಉಳಿಯುತ್ತದೆ. ನಮ್ಮ ಶಾಲೆ ಬಿಡುವುದು ನಾಲ್ಕೂವರೆಗೆ, ಕೆಂಪು ಬಸ್ಸು ಹೋಗುತ್ತಿದ್ದದ್ದು ನಾಲ್ಕು ಹತ್ತಕ್ಕೆ, ಮುಂದಿನ ಪ್ರೈವೇಟು ಆರು ಗಂಟೆಗೆ. ಸಮಯ ಬದಲಿಸಿ ಎಂದು ಎಸ್‌ಡಿಎಂಸಿಯವರು ಎರಡು ಸಲ ಬರೆದಾಗಲೂ ‘ಆ ಟ್ರಿಪ್ಪಿನಲ್ಲಿ ಜನವೇ ಇಲ್ಲ’ ಎಂಬ ಉತ್ತರ ಬಂತು. ಜನ ಇಲ್ಲದಿರುವುದು ನಿಜ, ಜನರೆಲ್ಲ ನಾಲ್ಕು ಹತ್ತಕ್ಕೆ ನನ್ನ ತರಗತಿಯಲ್ಲಿ ಕುಳಿತಿರುತ್ತಿದ್ದರು.

ಒಂಬತ್ತನೇ ತರಗತಿಯವರಿಗೆ ಸಂಖ್ಯಾಶಾಸ್ತ್ರದ ಪಾಠ ಬಂದಾಗ ಗಣಿತದ ಮೇಡಂ ಒಂದು ಯೋಚನೆ ಮಾಡಿದರು. ಪುಸ್ತಕದಲ್ಲಿನ ಕ್ರಿಕೆಟ್ ಸ್ಕೋರು ಬಿಟ್ಟು ಮಕ್ಕಳ ಕೈಗೆ ನೂರು ಪುಟದ ನೋಟ್‌ಬುಕ್ ಕೊಟ್ಟರು. ಮೂರು ವಾರ, ದಿನವೂ ಇಬ್ಬರ ಸರದಿ. ಬಸ್ಸು ಬಂದ ಹೊತ್ತು, ಕುಳಿತವರು, ನಿಂತವರು, ಪಾಸಿನವರು, ಹೆಂಗಸರು, ಹತ್ತಲಾಗದೆ ಉಳಿದವರು, ಮಳೆ ಇತ್ತೋ ಇಲ್ಲವೋ ಎಂಬುದೆಲ್ಲ ಒಂದೊಂದು ಕಾಲಂ. ಆರು ಗಂಟೆಯವರೆಗೆ ಕಾಯುವ ಮಕ್ಕಳು ಎಷ್ಟು, ನಡೆದುಹೋಗುವವರು ಎಷ್ಟು, ಅವರ ಮನೆ ಎಷ್ಟು ದೂರ ಎಂದೂ ಬರೆದರು. ಮೊದಲ ವಾರ ಲೆಕ್ಕ ತಪ್ಪಿತು, ಒಬ್ಬ ಡ್ರೈವರನ್ನೂ ಪ್ರಯಾಣಿಕರಲ್ಲಿ ಸೇರಿಸಿದ್ದ. ಸರಾಸರಿ, ಮಧ್ಯಾಂಕ ಎಲ್ಲ ಹಾಕಿ ಪಟ್ಟಿ ತಯಾರಾದಾಗ ನನಗೆ ಆಶ್ಚರ್ಯ ತಂದದ್ದು ಮಕ್ಕಳ ಸಂಖ್ಯೆಯಲ್ಲ. ಅದೇ ಹೊತ್ತಿಗೆ ತೋಟದ ಕೆಲಸ ಬಿಟ್ಟು ಬರುವ ಹೆಂಗಸರೂ ಹೆಚ್ಚುಕಡಿಮೆ ಅಷ್ಟೇ ಇದ್ದರು. ಅವರು ಯಾವ ಅರ್ಜಿಗೂ ಸಹಿ ಹಾಕಿದವರಲ್ಲ, ಅವರನ್ನು ಯಾರೂ ಕೇಳಿಯೂ ಇರಲಿಲ್ಲ. ಮೂರನೆಯ ಅರ್ಜಿಯಲ್ಲಿ ಅವರ ಸಹಿ, ಹೆಬ್ಬೆಟ್ಟು ಮೊದಲು ಬಂತು.

ಪಂಚಾಯಿತಿ ಅಧ್ಯಕ್ಷೆ ಹಾಗೂ ಇಬ್ಬರು ತಾಯಂದಿರು ಪಟ್ಟಿ ಹಿಡಿದು ಹೋದರು. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ. ಪಟ್ಟಿಯನ್ನು ಎರಡು ಸಲ ಓದಿ ತಮ್ಮ ಕಷ್ಟವನ್ನೂ ಬಿಡಿಸಿ ಹೇಳಿದರಂತೆ. ಆ ಬಸ್ಸು ವಾಪಸು ಬಂದು ಬೇರೆ ಊರಿಗೆ ರಾತ್ರಿ ತಂಗಲು ಹೋಗಬೇಕು. ಇಲ್ಲಿ ಅರ್ಧ ಗಂಟೆ ತಡವಾದರೆ ಅಲ್ಲಿ ಕತ್ತಲಾಗುತ್ತದೆ. ಆ ಊರಿನವರೂ ನಮ್ಮಂಥವರೇ. ‘ಹಾಗಾದರೆ ರಾತ್ರಿ ತಂಗುವುದನ್ನು ನಮ್ಮಲ್ಲಿಗೇ ಹಾಕಿ, ರೂಮು ನಾವು ಕೊಡುತ್ತೇವೆ’ ಎಂದು ತಾಯಂದಿರಲ್ಲೊಬ್ಬರು ಹೇಳಿದಾಗ ಅಧ್ಯಕ್ಷೆ ಅವರ ಸೆರಗು ಎಳೆದರಂತೆ. ಒಬ್ಬರ ಬಸ್ಸನ್ನು ಕಿತ್ತುಕೊಂಡು ಇನ್ನೊಬ್ಬರು ಹತ್ತುವುದು ಸರಿಯಲ್ಲವೆಂದು ಅವರ ಅಭಿಪ್ರಾಯ. ಕಡೆಗೆ ಎರಡೂ ಊರಿಗೆ ಹೊಂದುವಂತೆ ನಡುವಿನ ಪೇಟೆಯಲ್ಲಿ ಬಸ್ಸು ಸುಮ್ಮನೆ ನಿಲ್ಲುತ್ತಿದ್ದ ಇಪ್ಪತ್ತೈದು ನಿಮಿಷವನ್ನು ಕಡಿಮೆ ಮಾಡಿ ವೇಳೆ ಬದಲಿಸಿದರು. ಹೊಸ ಬಸ್ಸು ಬರಲಿಲ್ಲ, ಹೊಸ ಖರ್ಚೂ ಆಗಲಿಲ್ಲ.

2025ರ ಜನವರಿ 5ರಿಂದ ನಿಗಮದ ಟಿಕೆಟ್ ದರ ಶೇಕಡ 15ರಷ್ಟು ಏರಿದಾಗ ಊರಿನ ಗಂಡಸರು ಗೊಣಗಿದರು. ಪಾಸಿನ ಮಕ್ಕಳಿಗೂ ಹೆಂಗಸರಿಗೂ ಅದು ತಟ್ಟಲಿಲ್ಲ. ಈಗ ಕೆಂಪು ಬಸ್ಸು ನಾಲ್ಕು ಮುಕ್ಕಾಲಕ್ಕೆ ನಮ್ಮ ಗೇಟಿನ ಮುಂದೆ ನಿಲ್ಲುತ್ತದೆ. ಕುಯ್ಲಿನ ಕಾಲದಲ್ಲಿ ಹೆಂಗಸರ ಬುಟ್ಟಿಗಳ ನಡುವೆ ಮಕ್ಕಳು ಜಾಗ ಹುಡುಕಿಕೊಳ್ಳಬೇಕು. ಶನಿವಾರ ಮಾತ್ರ ಶಾಲೆ ಅರ್ಧ ದಿನ. ಮಧ್ಯಾಹ್ನಕ್ಕೆ ಮೊದಲೇ ಬಿಟ್ಟ ಮಕ್ಕಳು ಪ್ರೈವೇಟಿಗೆ ದುಡ್ಡು ಕೊಡುತ್ತಾರೆ, ಇಲ್ಲವಾದರೆ ನಡೆಯುತ್ತಾರೆ. ಅದಕ್ಕಾಗಿ ಎರಡನೆಯ ನೋಟ್‌ಬುಕ್ ಆರಂಭವಾಗಿದೆ. ಈ ಸಲದ ಮಕ್ಕಳು ಡ್ರೈವರನ್ನು ಲೆಕ್ಕಕ್ಕೆ ಸೇರಿಸಿಲ್ಲ.